ಮನೆಯ ಮೊದಲ ಫಟಫಟಿ

ಎತ್ತು ಕೊಳ್ಳುವ ವಿಷಯದಲ್ಲಿ ಬಬಲೇಶ್ವರ ಸೀಮೆಯ ಒಕ್ಕಲಿಗನಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಜಾತ್ರೆಯಲ್ಲಿ ಖಿಲಾರಿ ಹೋರಿ ಕಣ್ಣಿಗೆ ಬಿದ್ದಿತೆಂದರೆ ಅದರ ಹಲ್ಲು ಎಣಿಸುವನು, ಗೊರಸು ನೋಡುವನು, ನಾಲ್ಕು ಹೆಜ್ಜೆ ನಡೆಸುವನು. ಎರೆಯ ಹೊಲದಲ್ಲಿ ಇದು ಕುಂಟೆ ಎಳೆದೀತೇ ಎಂಬುದನ್ನು ಮನಸ್ಸಿನಲ್ಲಿಯೇ ತೂಗಿ ನೋಡಿದ ಮೇಲೆಯೇ ಹಣದ ಮಾತು ತೆಗೆಯುವನು. ಆದರೆ ಅದೇ ಮನೆತನಕ್ಕೆ ಮೊದಲನೆಯ ಫಟಫಟಿಯನ್ನು ತರುವ ಪ್ರಸಂಗ ಬಂದಾಗ ಈ ವಿವೇಕವೆಲ್ಲ ಎಲ್ಲಿ ಅಡಗುವುದೋ ತಿಳಿಯದು. ಗಾಡಿಯ ಬಣ್ಣ, ತಿಂಗಳ ಕಂತು, ನೆರೆಮನೆಯ ತರುಣನ ಮಾತು, ಇವು ಮೂರು ಸೇರಿ ತೀರ್ಮಾನ ಮಾಡಿಬಿಡುತ್ತವೆ. ಲಕ್ಷ ರೂಪಾಯಿಯ ಆಸುಪಾಸಿನ ಸರಕು ಹೀಗೆ ಮನೆಗೆ ಬಂದು, ಮೊದಲ ಮಳೆಗಾಲದಲ್ಲಿಯೇ ಅಂಗಳದ ಮೂಲೆ ಹಿಡಿದರೆ ಮನೆಯ ಲೆಕ್ಕ ನೋಡುವ ಗೃಹಿಣಿಗೆ ಎಷ್ಟು ಸಂಕಟವಾಗುವುದೆಂಬುದನ್ನು ವಾಚಕರೇ ಊಹಿಸಬಹುದು.

ಗಾಡಿಯನ್ನೂ ಎತ್ತಿನಂತೆಯೇ ನೋಡಿ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದು ಹೊರಬೇಕಾದ ಭಾರವೆಷ್ಟು, ದಾರಿ ಎಂಥದು, ವರ್ಷದ ಅತ್ಯಂತ ಕೆಟ್ಟ ದಿವಸ ಅದರಿಂದ ಏನು ಕೆಲಸವಾಗಬೇಕು, ಎಂಬುದನ್ನು ಮೊದಲು ನಿಶ್ಚಯಿಸಿ ಅನಂತರ ಅಂಗಡಿಯ ಮೆಟ್ಟಿಲು ಹತ್ತತಕ್ಕದ್ದು.

ಶಕ್ತಿಯನ್ನು ಅಳೆಯುವ ಮಾತು ಅಶ್ವಶಕ್ತಿ. ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ಕೆಲಸ ಮಾಡೀತೆಂದು ಕೊಳ್ಳುವವರಿಗೆ ತಿಳಿಸುವುದಕ್ಕಾಗಿ ಜೇಮ್ಸ್ ವಾಟ್ ಎಂಬ ಯಂತ್ರಶಿಲ್ಪಿ ಈ ಅಳತೆಯನ್ನು ರೂಢಿಗೆ ತಂದನು. ಅವನ ಹೆಸರಿನಿಂದಲೇ ಕರೆಯುವ ವ್ಯಾಟ್ ಲೆಕ್ಕದಲ್ಲಿ ಒಂದು ಅಶ್ವಶಕ್ತಿಗೆ ೭೪೬ ವ್ಯಾಟ್. ೧೮೮೫ರಲ್ಲಿ ಜರ್ಮನಿಯ ಡೈಮ್ಲರನು ಮರದ ಚೌಕಟ್ಟಿಗೆ ಎಂಜಿನು ಕೂಡಿಸಿ ಓಡಿಸಿದ ಗಾಡಿಗೆ ಇದ್ದುದು ಕೇವಲ ಅರ್ಧ ಅಶ್ವಶಕ್ತಿ. ನಮ್ಮ ಮೈಸೂರಿನ ಕಾರಖಾನೆಯಿಂದ ೧೯೬೧ರಿಂದ ೧೯೯೬ರ ವರೆಗೆ ಹೊರಟ ಜಾವಾ, ಯೆಜ್ಡಿ ಗಾಡಿಗಳಿಗೆ ಹತ್ತಕ್ಕೂ ಮೇಲ್ಪಟ್ಟು ಅಶ್ವಶಕ್ತಿಯಿತ್ತು. ಅವುಗಳ ಸದ್ದನ್ನು ಊರ ಅಗಸಿಯಾಚೆಯೇ ಗುರುತಿಸುತ್ತಿದ್ದವರು ಈಗಲೂ ಇದ್ದಾರೆ. ಇರಲಿ.

ಹಾಗಾದರೆ ಒಬ್ಬ ಪ್ರಾಯಸ್ಥನಿಗೆ ಬೇಕಾದುದೆಷ್ಟು? ಬಬಲೇಶ್ವರದಿಂದ ವಿಜಯಪುರಕ್ಕೆ ಸಾರವಾಡದ ಹತ್ತಿರ ಡೋಣಿಯನ್ನು ದಾಟಿ ಹೋಗುವ ದಾರಿ ಸುಮಾರು ೨೫ ಕಿಲೋಮೀಟರು. ಅರವತ್ತೈದು ಕಿಲೋ ತೂಕದವನೊಬ್ಬನು ಮಟ್ಟಸವಾದ ಡಾಂಬರು ರಸ್ತೆಯಲ್ಲಿ ತಾಸಿಗೆ ೫೦ ಕಿಲೋಮೀಟರಿನಂತೆ ಒಬ್ಬನೇ ಹೊರಟರೆ, ಗಾಲಿಯ ಉಜ್ಜಾಟವನ್ನೂ ಗಾಳಿಯ ತಡೆಯನ್ನೂ ಗೆಲ್ಲುವುದಕ್ಕೆ ಎರಡು ಅಶ್ವಶಕ್ತಿ ಸಾಕು. ಎರಡೇ ಸಾಕಲ್ಲವೇ ಎಂದು ಹಿಗ್ಗಬಾರದು. ಆಷಾಢದ ಪಡುಗಾಳಿ ತಾಸಿಗೆ ೨೦ ಕಿಲೋಮೀಟರಿನ ವೇಗದಿಂದ ಎದುರಿಗೆ ಬೀಸಿತೆಂದರೆ ಗಾಳಿಯ ತಡೆಯೊಂದೇ ಸರಿಸುಮಾರು ಇಮ್ಮಡಿಯಾಗುತ್ತದೆ. ವಿಜಯಪುರದ ಸಂತೆ ಮುಗಿಸಿ ಪಶ್ಚಿಮಕ್ಕೆ ತಿಕೋಟೆಯತ್ತ ತಿರುಗಿದವರಿಗೆ ಇದರ ಅನುಭವವಿದ್ದೇ ಇದೆ. ಇನ್ನು ಹಿಂದೆ ಹೆಂಡತಿ, ಅವಳ ಕೈಯಲ್ಲಿ ಒಂದು ಚೀಲ, ಮುಂದೆ ಹಳ್ಳ ದಾಟಿ ಏರುವ ದಾರಿ. ಗಾಡಿ ಸಹಿತ ಒಟ್ಟು ೨೫೦ ಕಿಲೋ ಭಾರವು ನೂರಕ್ಕೆ ಐದರ ಏರನ್ನು ತಾಸಿಗೆ ೪೦ ಕಿಲೋಮೀಟರಿನಂತೆ ಹತ್ತಬೇಕಾದರೆ ಗಾಲಿಗೆ ಮುಟ್ಟುವ ಶಕ್ತಿಯೇ ಮೂರು ಅಶ್ವಶಕ್ತಿಗೆ ಮೀರಿರಬೇಕು. ಸರಪಳಿ, ಹಲ್ಲುಗಾಲಿಗಳು ನುಂಗುವ ಪಾಲು ಬೇರೆ.

ಈ ಲೆಕ್ಕವನ್ನು ಮುಂದಿಟ್ಟುಕೊಂಡು, ಲೈಸೆನ್ಸು ಬೇಡ, ನೋಂದಣಿ ಬೇಡ ಎಂದು ಹೊಗಳಿ ಮಾರುವ ಚಿಕ್ಕ ವಿದ್ಯುತ್ ಸ್ಕೂಟರನ್ನು ನೋಡೋಣ. ಕಾಯಿದೆಯ ಮೇರೆಗೆ ಅಂಥ ಗಾಡಿಯ ಮೋಟಾರು ೨೫೦ ವ್ಯಾಟಿಗಿಂತ ಕಡಿಮೆ, ವೇಗ ತಾಸಿಗೆ ೨೫ ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಅಂದರೆ ಒಂದು ಅಶ್ವಶಕ್ತಿಯ ಮೂರರಲ್ಲೊಂದು ಪಾಲು. ಒಬ್ಬ ಪ್ರಾಯಸ್ಥನು ಕುಳಿತು ನೂರಕ್ಕೆ ಮೂರರ ಸಣ್ಣ ಏರಿಗೆ ಬಂದನೆಂದರೆ ಅದರ ವೇಗ ಹದಿಮೂರು ಹದಿನಾಲ್ಕಕ್ಕೆ ಇಳಿಯುವುದು. ಇಬ್ಬರು ಕುಳಿತರೆ ಹತ್ತು. ಮೋಟಾರು ಕ್ಷಣಕಾಲ ಹೆಚ್ಚು ಬಲ ಕೊಟ್ಟೀತು, ಆದರೆ ನಮ್ಮ ಬೇಸಿಗೆಯ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಅದು ಕಾಯುವುದಕ್ಕೆ ಬಹಳ ಹೊತ್ತು ಬೇಡ. ನುರಿತ ಸೈಕಲ್ ಪಟುವು ಸ್ಪರ್ಧೆಯಲ್ಲಿ ಒಂದು ತಾಸಿನ ವರೆಗೂ ಇಷ್ಟೇ ಶಕ್ತಿಯನ್ನು ತನ್ನ ಕಾಲುಗಳಿಂದಲೇ ಹೊರಡಿಸಬಲ್ಲನು. ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರದಲ್ಲಿ ಹಣ ಕೊಟ್ಟು ಅವನಿಗಿಂತ ಹಿಂದೆ ಬೀಳುವುದು ಸೋಜಿಗವೇ ಸರಿ! ಓಣಿಯೊಳಗೆ ಕಿರಾಣಿ ಅಂಗಡಿಗೆ ಹೋಗಿಬರುವುದಕ್ಕೆ ಇದು ಒಳ್ಳೆಯದು. ಆದರೆ ಕಬ್ಬಿನ ಟ್ರಾಕ್ಟರುಗಳೂ ಬಸ್ಸುಗಳೂ ಓಡುವ ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರಿನ ವೇಗದ ಮೇಲೆ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಹೋಗುವವನು ಪ್ರತಿ ವಾಹನಕ್ಕೂ ಅಡ್ಡವಾಗಿ, ಪ್ರಾಣವನ್ನೇ ಪಣಕ್ಕಿಡುತ್ತಾನೆ. ನೋಂದಣಿಯಾಗುವ ದೊಡ್ಡ ವಿದ್ಯುತ್ ಗಾಡಿಗಳ ಮಾತು ಬೇರೆ. ಅವುಗಳಲ್ಲಿಯೂ ಕ್ಷಣಿಕ ಶಕ್ತಿಯೆಷ್ಟು, ಎಡೆಬಿಡದೆ ಕೊಡುವ ಶಕ್ತಿಯೆಷ್ಟು ಎಂದು ಎರಡು ಅಂಕಿಗಳನ್ನು ಕೇಳಬೇಕು. ಎರಡನೆಯದೇ ಏರು ಹತ್ತಿಸುವುದು.

ಹೊಲಮನೆಯವರು ಬಹುವಾಗಿ ನೆಚ್ಚಿರುವ ಟಿ.ವಿ.ಎಸ್. ಎಕ್ಸ್‌ಎಲ್ ೧೦೦ಕ್ಕೆ ನಾಲ್ಕು ಅಶ್ವಶಕ್ತಿಗಿಂತ ಸ್ವಲ್ಪ ಹೆಚ್ಚು. ಹೀರೋ ಸ್ಪ್ಲೆಂಡರಿಗೆ ಸುಮಾರು ಎಂಟು. ಅರ್ಧವೇ ಶಕ್ತಿಯುಳ್ಳ ಗಾಡಿ ಗೊಬ್ಬರದ ಚೀಲವನ್ನು ಹೇಗೆ ಎಳೆಯುತ್ತದೆಂದು ಕೇಳುವವರುಂಟು. ಕುದುರೆಗೂ ಎತ್ತಿಗೂ ಇರುವ ಭೇದವೇ ಇಲ್ಲಿಯದು. ಎಕ್ಸ್‌ಎಲ್ಲಿನ ಎಂಜಿನು ನಿಮಿಷಕ್ಕೆ ೩,೫೦೦ ಸುತ್ತು ತಿರುಗುವಾಗಲೇ ತನ್ನ ಪೂರ್ಣ ತಿರುಚುಬಲವನ್ನು ಕೊಡುತ್ತದೆ. ಸ್ಪ್ಲೆಂಡರಿನದು ಅದಕ್ಕಿಂತ ಹೆಚ್ಚಿನ ಬಲವೇ ಆದರೂ ೬,೦೦೦ ಸುತ್ತಿಗೆ ಬಂದಾಗ ಪೂರ್ಣವಾಗುವುದು. ಆದುದರಿಂದ ಮೊದಲನೆಯದು ಎತ್ತಿನಂತೆ ಮೆಲ್ಲಗೆ, ಬಿಡದೆ ಎಳೆಯುವುದು. ಆದರೆ ತಯಾರಕರು ಅದಕ್ಕೆ ಗೊತ್ತುಮಾಡಿದ ಹೊರೆ ೧೩೦ ಕಿಲೋ ಎಂಬುದನ್ನು ಮರೆಯಬಾರದು. ಪ್ರಾಯಸ್ಥರಿಬ್ಬರು ಕುಳಿತರೆ ಅಲ್ಲಿಗೆ ಲೆಕ್ಕ ತೀರಿತು; ಚೀಲಕ್ಕೆ ಎಡೆಯಿಲ್ಲ. ತೋಟದಿಂದ ಮನೆಗೆ, ಮನೆಯಿಂದ ಹಾಲಿನ ಕೇಂದ್ರಕ್ಕೆ ಒಬ್ಬನೇ ಓಡಾಡುವ ಮನೆಗೆ ಇದಕ್ಕಿಂತ ಯೋಗ್ಯವಾದುದು ಬೇಡ. ದಿನಂಪ್ರತಿ ವಿಜಯಪುರಕ್ಕೆ ಇಬ್ಬರು ಹೋಗಿಬರುವ ಮನೆಗೆ ಎಂಟು ಅಶ್ವಶಕ್ತಿಯ ಗಾಡಿಯೇ ತಕ್ಕದ್ದು.

ಮನೆಯೊಡತಿಯೂ ನಡೆಸತಕ್ಕ ಗಾಡಿಯಾದರೆ ಗೇರಿಲ್ಲದ ಸ್ಕೂಟರಿನತ್ತ ನೋಡಬೇಕಾಗುತ್ತದೆ. ಹೋಂಡಾ ಆಕ್ಟಿವಾಕ್ಕೆ ಏಳೂವರೆಯ ಆಸುಪಾಸಿನ ಅಶ್ವಶಕ್ತಿಯಿದೆ, ಶಕ್ತಿಗೆ ಕೊರತೆಯಿಲ್ಲ. ಆದರೆ ಅದರ ಗಾಲಿಗಳು ಮುಂದೆ ೧೨ ಅಂಗುಲ, ಹಿಂದೆ ೧೦ ಅಂಗುಲ ಮಾತ್ರ. ಸ್ಪ್ಲೆಂಡರಿನವು ೧೮. ತಗ್ಗಿಗೆ ಚಿಕ್ಕ ಗಾಲಿ ಬಿದ್ದಂತೆ ದೊಡ್ಡ ಗಾಲಿ ಬೀಳದು. ಅಲ್ಲದೆ ಸ್ಕೂಟರಿನ ತೂಕವೇ ನೂರು ಕಿಲೋಗೆ ಮೀರಿದ್ದು. ಇದನ್ನು ನಡೆಸಬೇಕಾದ ಹೆಣ್ಣುಮಗಳು ಅಂಗಡಿಗೆ ಸ್ವತಃ ಬಂದು, ನಡುಸ್ಟ್ಯಾಂಡಿನ ಮೇಲೆ ಅದನ್ನು ಏರಿಸಿ ಇಳಿಸಿ, ಎರಡೂ ಪಾದ ನೆಲಕ್ಕೆ ಊರುತ್ತವೆಯೇ ಎಂದು ನೋಡಿಕೊಳ್ಳತಕ್ಕದ್ದು. ಗಂಡಸರೇ ಆರಿಸಿ ತಂದ ಗಾಡಿಯನ್ನು ಅವಳು ಹಿಡಿಯಲು ಅಂಜಿದರೆ ತಪ್ಪು ಅವಳದಲ್ಲ.

ಇನ್ನು ಎರೆಯ ಕೆಸರು. ಇದರ ಮುಂದೆ ಅಶ್ವಶಕ್ತಿಯ ಹೆಮ್ಮೆಯೆಲ್ಲ ಇಳಿದುಹೋಗುವುದು. ಮಳೆ ಬಿದ್ದ ಮರುದಿನ ಹೊಲದ ದಾರಿ ಹಿಡಿದರೆ ಮಣ್ಣು ಟಾಯರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿ, ಗಾಲಿಯನ್ನೇ ಬಿಗಿದುಬಿಡುತ್ತದೆ. ಎಂಟಲ್ಲ, ಇಪ್ಪತ್ತು ಅಶ್ವಶಕ್ತಿಯಿದ್ದರೂ ಕೋಲಿನಿಂದ ಕೆದರದೆ ಗಾಡಿ ಮುಂದರಿಯದು. ಅಂತೆಯೇ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳಾದರೂ ಹೋಗುತ್ತವೆಯೇ ಎಂದು ನೋಡಬೇಕು. ಅಂಗಡಿಯ ಹುಡುಗರು ನಕ್ಕರೆ ನಗಲಿ.

ಶಕ್ತಿ ಹೆಚ್ಚಾದಷ್ಟೂ ಒಳ್ಳೆಯದೆಂಬ ತರುಣರ ವಾದವನ್ನೂ ಕೇಳಿದ್ದೇವೆ. ಮೊದಲನೆಯ ಗಾಡಿಗೆ ಅದು ಸಲ್ಲದು. ಇಪ್ಪತ್ತು ಅಶ್ವಶಕ್ತಿಯ ಗಾಡಿ ಹೆಚ್ಚು ಎಣ್ಣೆ ಕುಡಿಯುವುದಲ್ಲದೆ, ಕೈ ಪಳಗದವನನ್ನು ತಾನೇ ಎಳೆದೊಯ್ಯುವುದು. ಮನೆಯಲ್ಲಿ ಹದಿನೆಂಟು ತುಂಬದ ಹುಡುಗನಿದ್ದರೆ ಕೀಲಿಯನ್ನು ಹಿರಿಯರು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ೨೦೧೯ರ ತಿದ್ದುಪಡಿಯ ಮೇರೆಗೆ ಅಂಥವನು ಗಾಡಿ ನಡೆಸಿ ಅಪರಾಧವಾದರೆ ಪಾಲಕರಿಗೆ ೨೫,೦೦೦ ರೂಪಾಯಿ ದಂಡವೂ ಮೂರು ವರ್ಷದ ವರೆಗೆ ಸೆರೆಯೂ ಆಗಬಹುದು.

ಕೊಳ್ಳುವ ದಿನ ಗಂಡಹೆಂಡಿರಿಬ್ಬರೂ ಹೋಗತಕ್ಕದ್ದು. ಮನೆಯಿಂದ ಹತ್ತು ಹದಿನೈದು ಕಿಲೋ ಜೋಳದ ಚೀಲವೊಂದನ್ನೂ ಒಯ್ಯತಕ್ಕದ್ದು. ಒಬ್ಬನೇ ಕುಳಿತು ಅಂಗಡಿಯ ಮುಂದೆ ಒಂದು ಸುತ್ತು ಹೊಡೆದರೆ ಯಾವ ಗಾಡಿಯೂ ಸರಾಗವಾಗಿಯೇ ಓಡೀತು. ಇಬ್ಬರೂ ಕುಳಿತು, ಚೀಲ ಇಟ್ಟು, ಏರಿರುವ ರಸ್ತೆಗೆ ಒಯ್ದು, ಏರಿನ ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಬೇಕು. ಕಾಲಿನಿಂದ ನೆಲ ಒದೆಯದೆ ಹೊರಟಿತೇ, ಎಂಜಿನು ನಡುಗಿ ನಿಂತಿತೇ, ಇಳಿಯುವಾಗ ಬ್ರೇಕು ಆ ಭಾರವನ್ನು ಹಿಡಿಯಿತೇ, ಎಂಬುದು ಐದು ನಿಮಿಷದಲ್ಲಿ ತಿಳಿದುಬರುತ್ತದೆ. ಇಂಥ ಪರೀಕ್ಷೆಗೆ ಒಪ್ಪದ ಅಂಗಡಿಯವನಿದ್ದರೆ ಅವನೊಡನೆ ವಾದ ಬೇಡ. ವಿಜಯಪುರದಲ್ಲಿ ಬೇರೆ ಅಂಗಡಿಗಳಿಗೆ ಬರವಿಲ್ಲ.