ಸೂಚನಾ ಫಲಕದ ಕನ್ನಡ

ಕಳೆದ ಬೇಸಿಗೆಯಲ್ಲಿ ನಾನು ವಾಸಿಸುವ ವಸತಿ ಸಮುಚ್ಚಯದ ಲಿಫ್ಟಿನ ಪಕ್ಕದಲ್ಲಿ ಒಂದು ಹಾಳೆಯನ್ನು ಅಂಟಿಸಿದ್ದರು. ತೊಟ್ಟಿ ತೊಳೆಯುವ ಕಾರಣ ಮರುದಿನ ನಲ್ಲಿಯಲ್ಲಿ ನೀರಿರುವುದಿಲ್ಲವೆಂಬುದು ಅದರ ಸಾರ, ಬರಹ ಇಂಗ್ಲಿಷಿನಲ್ಲಿತ್ತು. ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುವ ವೃದ್ಧೆಯೊಬ್ಬರು ಅದರ ಮುಂದೆಯೇ ಎರಡು ಬಾರಿ ಹಾದುಹೋಗಿದ್ದರು. ಮರುದಿನ ಮಧ್ಯಾಹ್ನ ಖಾಲಿ ಕೊಡ ಹಿಡಿದು ಬಂದು, “ಯಾಕ್ರೀ ಸರ, ನಮಗೊಂದು ಮಾತು ಹೇಳಬಾರದೇನ್ರೀ?” ಎಂದರು. ಅವರು ಕನ್ನಡ ದಿನಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವವರು. ಅಕ್ಷರ ಬಲ್ಲ ಅವರನ್ನು ಆ ಹಾಳೆ ನಿರಕ್ಷರಿಯನ್ನಾಗಿಸಿತ್ತು.

ಸಂಘದವರು ಮುಂದಿನ ಸಲ ಕನ್ನಡದಲ್ಲಿಯೇ ಬರೆದರು: “ಸಮಸ್ತ ನಿವಾಸಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಜಲಸಂಗ್ರಹಾಗಾರದ ಶುಚೀಕರಣ ಕಾರ್ಯವನ್ನು ಹಮ್ಮಿಕೊಳ್ಳಲಾಗಿರುವ ಪ್ರಯುಕ್ತ ನೀರಿನ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಹಕರಿಸಲು ಕೋರಲಾಗಿದೆ.”

ಇದರಲ್ಲಿ ವ್ಯಾಕರಣದೋಷವಿಲ್ಲ. ಆದರೆ ಯಾವ ದಿನ, ಎಷ್ಟು ಹೊತ್ತು ಎಂಬುದಿಲ್ಲ. ‘ವ್ಯತ್ಯಯ’ವೆಂದರೆ ನೀರು ಕಡಿಮೆ ಬರುವುದೋ, ಬರುವುದೇ ಇಲ್ಲವೋ ತಿಳಿಯದು. ‘ಕೋರಲಾಗಿದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ ಕೋರುವವರು ಮರೆಯಾಗಿದ್ದಾರೆ. ಮರಾಠಿ, ಕನ್ನಡ ಎರಡರಲ್ಲಿಯೂ ಓದಿದ ನನಗೆ ಇದು ಹಳೆಯ ಪರಿಚಯ. ಮರಾಠಿಯ ‘ಕಳವಿಣ್ಯಾತ ಯೇತೆ’ ಎಂಬುದೂ ಇದೇ ಅಚ್ಚಿನದು. ಕಚೇರಿಯ ಭಾಷೆ ಎರಡು ನುಡಿಗಳಲ್ಲಿಯೂ ಕರ್ತೃವನ್ನು ಪರದೆಯ ಹಿಂದೆ ನಿಲ್ಲಿಸುತ್ತದೆ. ದೂರು ಹೇಳಬೇಕಾದವನಿಗೆ ಬಾಗಿಲು ಯಾವುದೆಂದು ಗೊತ್ತಾಗುವುದಿಲ್ಲ.

ಅದನ್ನೇ ಹೀಗೆ ಬರೆಯಬಹುದು: “ಏಪ್ರಿಲ್ 16, ಮಂಗಳವಾರ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಮೇಲಿನ ತೊಟ್ಟಿಯನ್ನು ತೊಳೆಸುತ್ತಿದ್ದೇವೆ. ಹಿಂದಿನ ರಾತ್ರಿಯೇ ನೀರು ತುಂಬಿಟ್ಟುಕೊಳ್ಳಿರಿ. – ಕಾರ್ಯದರ್ಶಿ, ನಿವಾಸಿಗಳ ಸಂಘ.” ಇಲ್ಲಿ ‘ನಾಳೆ’ ಎಂದು ಬರೆಯದಿರುವುದನ್ನು ಗಮನಿಸಿರಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಮಾರಿಯನ್ನು ಹಿಂದಕ್ಕೆ ಕಳುಹಿಸಿದ ನಾಡು ನಮ್ಮದು. ಗೋಡೆಯ ಮೇಲಿನ ನಾಳೆ ಎಂದಿಗೂ ಬರುವುದಿಲ್ಲ.

ಶೀರ್ಷಿಕೆಯಲ್ಲಿಯೂ ವಿವೇಕ ಬೇಕು. ತಿಳಿಸುವುದು ಪ್ರಕಟಣೆ, ಹೀಗೆ ಮಾಡಿರೆನ್ನುವುದು ಸೂಚನೆ, ದಯವಿಟ್ಟು ಎನ್ನುವುದು ವಿನಂತಿ, ಅಪಾಯವಿದ್ದಲ್ಲಿ ಎಚ್ಚರಿಕೆ. ವಾಹನ ನಿಲುಗಡೆಯ ವಿನಂತಿಗೆ ‘ಎಚ್ಚರಿಕೆ’ ಎಂಬ ತಲೆಬರಹ ಕೊಟ್ಟರೆ ನೆರೆಹೊರೆಯಲ್ಲಿ ಜಗಳ ಹುಟ್ಟುತ್ತದೆ. ನಿಧನವಾರ್ತೆಯಲ್ಲಾದರೋ ಹೆಸರು, ಮನೆಯ ಸಂಖ್ಯೆ, ಅಂತ್ಯಕ್ರಿಯೆಯ ವೇಳೆ, ಸ್ಥಳ ಇಷ್ಟೇ ಸಾಕು. ವಿಶೇಷಣಗಳು ಅಲ್ಲಿ ಅಡ್ಡ ನಿಲ್ಲುತ್ತವೆ.

ಐಚ್ಛಿಕ ಕನ್ನಡದವರಾದ ನಿಮಗೆ ಈ ಪ್ರಕಾರ ಹೊಸದಲ್ಲ. ನೀವು ಓದುವ ದಾನಶಾಸನಗಳು ಎಲ್ಲರೂ ಕಾಣುವಲ್ಲಿ ನಿಲ್ಲಿಸಿದ ಪ್ರಕಟಣೆಗಳೇ. ಕೊಟ್ಟವರಾರು, ಪಡೆದವರಾರು, ಭೂಮಿಯ ಎಲ್ಲೆ ಯಾವುದು, ಸಾಕ್ಷಿ ಯಾರು, ಅಳಿದವನಿಗೆ ಏನು ಗತಿ ಎಂಬುದನ್ನು ಅವು ಬಿಡದೆ ಹೇಳುತ್ತವೆ. ಓದಲಾರದವರಿಗಾಗಿ ಡಂಗುರವಿತ್ತು, ಮರಾಠಿಯಲ್ಲಿ ಅದು ದವಂಡಿ. ಡಂಗುರದವನು ಕೇರಿಯ ಮಾತಿನಲ್ಲಿಯೇ ಸಾರುತ್ತಿದ್ದನು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕಡೆಗೆ ನೋಡಿರಿ. ಆ ಕೊಂಗುನಾಡಿನ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡ. ಅವರ ಓದುಬರಹ ತಮಿಳು. ಆದುದರಿಂದ ಅವರ ಮದುವೆಯ ಪತ್ರಿಕೆ, ಹಬ್ಬದ ಪ್ರಕಟಣೆಗಳು ಸಾಮಾನ್ಯವಾಗಿ ತಮಿಳಿನಲ್ಲಿರುತ್ತವೆ. ಅದು ಸಹಜ, ಏಕೆಂದರೆ ಓದುವವರ ಲಿಪಿಯಲ್ಲಿಯೇ ಪ್ರಕಟಣೆ ಇರಬೇಕು. ಆದರೆ ಗೋಡೆಯ ಮೇಲಿಲ್ಲದ ಕನ್ನಡವು ಅಲ್ಲಿ ಮನೆಯೊಳಗಿನ ಮಾತಾಗಿಯಷ್ಟೇ ಉಳಿದಿದೆ. ನಮ್ಮಲ್ಲಿ ಓದುವವರಿದ್ದೂ ನಾವೇ ಗೋಡೆಯನ್ನು ಬಿಟ್ಟುಕೊಡುತ್ತಿದ್ದೇವೆ.

ಈ ವಾರ ನಿಮ್ಮ ಮನೆ ಅಥವಾ ವಸತಿನಿಲಯದ ಫಲಕದಿಂದ ಒಂದು ಪ್ರಕಟಣೆಯನ್ನು ನಕಲು ಮಾಡಿ, ಕನ್ನಡದಲ್ಲಿ ತಿದ್ದಿ ಬರೆದು ತನ್ನಿರಿ. ಅದನ್ನು ಮೊದಲು ಕಾವಲುಗಾರರಿಗೆ ಓದಿ ಹೇಳಿರಿ. ಅವರು ಮರುಪ್ರಶ್ನೆ ಕೇಳದಿದ್ದರೆ ನಿಮ್ಮ ಬರಹ ಸರಿಯಾಗಿದೆ.