ದುಡಿಮೆಯೂ ವ್ಯಾಯಾಮವೂ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಿಳಿಗಿರಿರಂಗನ ಕಾಡಿಗೆ ಒತ್ತಿಕೊಂಡಿರುವ ಪುಣಜನೂರಿನಲ್ಲಿಯೂ, ಆಸುಪಾಸಿನ ಸೋಲಿಗರ ಪೋಡುಗಳಲ್ಲಿಯೂ, ಗುಂಡ್ಲುಪೇಟೆಯ ಅರಿಶಿನ ಮತ್ತು ಚೆಂಡುಹೂವಿನ ಹೊಲಗಳಲ್ಲಿಯೂ ಬೆಳಗಿನಿಂದ ಬೈಗಿನವರೆಗೆ ಬಾಗಿ, ಎದ್ದು, ಹೊತ್ತು ದುಡಿಯುವ ಹೆಂಗಸಿಗೆ ವ್ಯಾಯಾಮ ಮಾಡೆಂದು ಹೇಳಿದರೆ, ಇಷ್ಟು ದುಡಿದ ಮೇಲೆ ಇನ್ನೇತರ ವ್ಯಾಯಾಮವೆಂದು ಆಕೆ ಕೇಳುವುದು ಸಹಜವೇ. ಆದರೆ ಕಿಬ್ಬೊಟ್ಟೆಯಲ್ಲಿ ನೆಲೆನಿಂತ ನೋವಿನ ವಿಷಯದಲ್ಲಿ ದುಡಿಮೆ ಬೇರೆ, ವ್ಯಾಯಾಮ ಬೇರೆ.

ಹೊಕ್ಕುಳಿನ ಕೆಳಗೆ, ಸೊಂಟದ ಎಲುಬುಗಳ ನಡುವೆ, ಆರು ತಿಂಗಳಿಗೂ ಮೀರಿ ಬಿಡದೆ ಕಾಡುವ ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯರು ದೀರ್ಘಕಾಲಿಕ ಶ್ರೋಣಿವೇದನೆಯೆಂದು ಪರಿಗಣಿಸುತ್ತಾರೆ. ಗರ್ಭಕೋಶದ ಒಳಪೊರೆಯಂಥ ಅಂಗಾಂಶವು ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಗರ್ಭನಾಳಗಳ ಸೋಂಕು, ಮೂತ್ರಕೋಶದ ಅಥವಾ ಕರುಳಿನ ವಿಕಾರ, ಸ್ನಾಯುಗಳ ಸೆಡೆತ ಮೊದಲಾದ ಕಾರಣಗಳಲ್ಲಿ ಎರಡು ಮೂರು ಒಬ್ಬಳಲ್ಲಿಯೇ ಕೂಡಿರಲೂಬಹುದು. ಆದುದರಿಂದಲೇ ಗರ್ಭಕೋಶವನ್ನು ತೆಗೆಸಿದ ಮಾತ್ರಕ್ಕೆ ನೋವು ಹೋಗಿಯೇ ಹೋಗುವುದೆಂಬ ಭರವಸೆಯಿಲ್ಲ. ಅನವಶ್ಯಕವಾದ ಅಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಅಂಗೀಕರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ರಾಜ್ಯಗಳಿಗೆ ನಿರ್ದೇಶವನ್ನೇ ಇತ್ತಿತು.

ಶ್ರೋಣಿಯ ತಳದಲ್ಲಿ, ಮುಂದಣ ಎಲುಬಿನಿಂದ ಹಿಂದಣ ಬಾಲಮೂಳೆಯವರೆಗೆ, ಕಟ್ಟಿದ ಜೋಲಿಯಂತೆ ಹರಡಿರುವ ಸ್ನಾಯುಸಮೂಹವೊಂದು ಗರ್ಭಕೋಶ, ಮೂತ್ರಕೋಶ, ಗುದನಾಳಗಳಿಗೆ ಆಧಾರವಾಗಿದೆ. ಉಸಿರನ್ನು ಎಳೆದಾಗ ಎದೆ ಹೊಟ್ಟೆಗಳ ನಡುವಣ ವಪೆಯೊಡನೆ ಅದೂ ಕೆಳಕ್ಕಿಳಿಯುತ್ತದೆ, ಬಿಟ್ಟಾಗ ಮೇಲಕ್ಕೇರುತ್ತದೆ. ನೋವಿಗೆ ಅಂಜಿದ ದೇಹವು ಈ ಸ್ನಾಯುಗಳನ್ನು ಸದಾ ಬಿಗಿಹಿಡಿಯುತ್ತದೆ; ಬಿಗಿತದಿಂದ ನೋವು, ನೋವಿನಿಂದ ಮತ್ತೆ ಬಿಗಿತ, ಹೀಗೆ ಬೆಳೆದು ಕ್ರಮೇಣ ನರಮಂಡಲವೇ ಅಲ್ಪಸ್ಪರ್ಶವನ್ನೂ ನೋವೆಂದು ಗ್ರಹಿಸುವಷ್ಟು ಸೂಕ್ಷ್ಮವಾಗುತ್ತದೆ. ತುಂಬಿದ ಕೊಡವನ್ನು ಎತ್ತುವಾಗಲೂ ಸೌದೆಯ ಹೊರೆಯನ್ನು ತಲೆಗೇರಿಸುವಾಗಲೂ ಉಸಿರುಕಟ್ಟಿ ಹೊಟ್ಟೆಯನ್ನು ಬಿಗಿಯುವುದರಿಂದ ಆ ಸ್ನಾಯುಗಳ ಮೇಲೆ ಒತ್ತಡವೇ ಬೀಳುತ್ತದೆಯಲ್ಲದೆ ಸಡಿಲಗೊಳ್ಳುವ ಅವಕಾಶ ದೊರೆಯದು. ಆ ಅವಕಾಶವನ್ನು ಕೊಡುವುದೇ ಇಲ್ಲಿ ವ್ಯಾಯಾಮದ ಉದ್ದೇಶ.

ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚುರಪಡಿಸಿದ, ಇದೇ ಸ್ನಾಯುಗಳನ್ನು ಬಿಗಿದು ಬಲಪಡಿಸುವ ಅಭ್ಯಾಸವು ಹೆರಿಗೆಯ ಬಳಿಕ ಮೂತ್ರ ಸೋರುವವರಿಗೆ ಹಿತಕರ. ಮೊದಲೇ ಸೆಡೆತುಕೊಂಡವರಿಗೆ ಅದು ನೋವನ್ನು ಹೆಚ್ಚಿಸಬಹುದು. ಇವರು ಮೊದಲು ಕಲಿಯಬೇಕಾದುದು ಸಡಿಲಿಸುವುದನ್ನು. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಒಂದು ಕೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಟ್ಟೆಯ ಮೇಲೂ ಇರಿಸಿ, ಹೊಟ್ಟೆಯ ಕೈ ಮಾತ್ರ ಏಳುವಂತೆ ಮೂಗಿನಿಂದ ಉಸಿರೆಳೆದು, ಎಳೆದುದಕ್ಕಿಂತ ನಿಧಾನವಾಗಿ ಬಿಡಬೇಕು. ಇದು ಕೈಗೂಡಿದ ಮೇಲೆ ಎದ್ದು ಕುಳಿತು, ಅಂಗಾಲುಗಳನ್ನು ಜೋಡಿಸಿ, ಮಂಡಿಗಳನ್ನು ಒತ್ತದೆ ತಾವಾಗಿ ಇಳಿಯಬಿಡುವ ಬದ್ಧಕೋಣಾಸನವನ್ನು ಮಾಡಬಹುದು. ಈ ವಿದ್ಯೆ ನಮ್ಮ ನೆರೆಯದೇ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಯನ್ನು ಆರಂಭಿಸಿದ ಕೃಷ್ಣಮಾಚಾರ್ಯರು ಮರುವರ್ಷ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು; ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರು ಈ ಆಸನವನ್ನು ಸ್ತ್ರೀಯರಿಗೆ ವಿಶೇಷವಾಗಿ ಹೇಳಿದರು.

ವಾರಕ್ಕೆ ಮೂರು ಸಲವಾದರೂ, ಪ್ರತಿಸಲ 45ರಿಂದ 60 ನಿಮಿಷ ಮಾಡುವ ವ್ಯಾಯಾಮವು ಕಿಬ್ಬೊಟ್ಟೆಯ ನೋವುಗಳಲ್ಲೊಂದಾದ ಮುಟ್ಟಿನ ನೋವನ್ನು ಗಣನೀಯವಾಗಿ ತಗ್ಗಿಸಬಹುದೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ 2019ರ ಕಾಕ್ರೇನ್ ಸಮೀಕ್ಷೆ ತಿಳಿಸಿದೆ. ಅಷ್ಟು ಸಾಧ್ಯವಾಗದವರು ಹತ್ತು ನಿಮಿಷದ ಹೊರೆಯಿಲ್ಲದ ನಡಿಗೆಯಿಂದ ತೊಡಗಿ ಮೆಲ್ಲಗೆ ಹೆಚ್ಚಿಸಿಕೊಳ್ಳಲಿ. ಮಾಡಿದ ಮರುದಿನ ನೋವು ಏರಿದರೆ ಒಂದು ಹೆಜ್ಜೆ ಇಳಿಸಲಿ. ವ್ಯಾಯಾಮವು ಎಂಡೊಮೆಟ್ರಿಯೋಸಿಸನ್ನು ಕರಗಿಸದು, ಸೋಂಕನ್ನು ಗುಣಪಡಿಸದು. ಆದಕಾರಣ ಮೊದಲು ತಪಾಸಣೆಯಾಗಲೇಬೇಕು. ಜ್ವರವಿದ್ದರೆ, ಹಠಾತ್ತನೆ ತೀವ್ರವಾದ ನೋವು ಬಂದರೆ, ಗರ್ಭದ ಸಂದೇಹವಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ.

ನೋವನ್ನು ನುಂಗಿಕೊಳ್ಳುವುದು ಹೆಣ್ಣಿನ ಧರ್ಮವೆಂದು ಮಗಳಿಗೆ ಹೇಳಿಕೊಡುವುದನ್ನು ತಾಯಂದಿರು ಬಿಡಲಿ. ನೋವುಣ್ಣುವ ಹೆಂಗಸಿನ ಅರ್ಧ ಗಂಟೆಯ ಅಭ್ಯಾಸಕ್ಕಾಗಿ ಮನೆಯ ಗಂಡಸರು ಕೊಡವನ್ನೂ ಹೊರೆಯನ್ನೂ ತಾವು ಹೊರಲಿ. ಆ ಬಿಡುವು ಔಷಧದಷ್ಟೇ ಅವಶ್ಯವಾದುದು.