ಮಜ್ಜೆಯ ದಾನ: ಭಯ ಬೇಡ, ತಡ ಬೇಡ

ರಕ್ತದಾನವೆಂದರೇನೆಂಬುದನ್ನು ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಾರಖಾನೆಗಳಲ್ಲಿ, ಗಣೇಶೋತ್ಸವದ ಮಂಡಳಗಳಲ್ಲಿ ಶಿಬಿರಗಳು ನಡೆಯುತ್ತವೆ. ಹಲವರು ಸಂತೋಷದಿಂದ ರಕ್ತ ಕೊಟ್ಟು ಬಂದಿದ್ದಾರೆ. ಆದರೆ ‘ನಿಮ್ಮ ತಮ್ಮನಿಗಾಗಿ ಮೂಳೆಯ ಮಜ್ಜೆ ಕೊಡಬೇಕು’ ಎಂದು ವೈದ್ಯರು ಹೇಳಿದರೆ ಅದೇ ಜನ ಹಿಂಜರಿಯುವುದುಂಟು. ಬೆನ್ನುಹುರಿಗೆ ಸೂಜಿ ಹಾಕುತ್ತಾರಂತೆ, ಸೊಂಟ ಬಿದ್ದುಹೋಗುತ್ತದಂತೆ, ಮುಂದೆ ಮಕ್ಕಳಾಗುವುದಿಲ್ಲವಂತೆ! ‘ದುಡಿಯುವ ಮಗ, ಅವನ ತಂಟೆಗೆ ಹೋಗಬೇಡಿ’ ಎಂದು ಊರಿನ ಹಿರಿಯರೂ ತಡೆಯುತ್ತಾರೆ. ಇಂಥ ‘ಅಂತೆ’ಗಳಿಂದಾಗಿ ಒಂದು ಜೀವ ಹೋಗಬಾರದು. ಆದ್ದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು.

ಮಜ್ಜೆ ಎಂದರೇನು?

ಮೂಳೆಗಳ ಒಳಗಿರುವ ಮೆತ್ತನೆಯ ವಸ್ತುವೇ ಮಜ್ಜೆ. ಅದನ್ನು ರಕ್ತದ ಸಸಿಮಡಿ ಎನ್ನಬಹುದು. ಅಲ್ಲಿರುವ ಆಕರ ಕೋಶಗಳು, ಅಂದರೆ ವೈದ್ಯರು ಸ್ಟೆಮ್ ಸೆಲ್ ಎಂದು ಕರೆಯುವ ಕಣಗಳು, ಹಗಲಿರುಳೂ ಹೊಸ ರಕ್ತಕಣಗಳನ್ನು ಹುಟ್ಟಿಸುತ್ತಿರುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ರೋಗಾಣುಗಳೊಡನೆ ಹೋರಾಡುವ ಬಿಳಿ ಕಣಗಳೂ ಗಾಯದ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಇದೇ ಮಡಿಯ ಬೆಳೆ.

ಈ ಸಸಿಮಡಿ ಕೆಡುವುದು ಮೂರು ಬಗೆಯಾಗಿ. ಮಡಿಯೇ ಒಣಗಿದರೆ ಎಪ್ಲಾಸ್ಟಿಕ್ ಅನೀಮಿಯ. ಕಳೆ ಬೆಳೆದು ಪೈರನ್ನು ಮುಚ್ಚಿದರೆ ರಕ್ತದ ಕ್ಯಾನ್ಸರ್. ಬೀಜದಲ್ಲಿಯೇ ದೋಷವಿದ್ದರೆ ಥಲಸ್ಸೀಮಿಯ, ಸಿಕಲ್ ಸೆಲ್ ಮೊದಲಾದ ಹುಟ್ಟುರೋಗಗಳು. ಥಲಸ್ಸೀಮಿಯದ ತೀವ್ರ ಬಗೆಯಲ್ಲಿ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕು. ಹಾಗೆ ಸೇರಿದ ರಕ್ತದ ಕಬ್ಬಿಣಾಂಶ ಯಕೃತ್ತಿನಲ್ಲಿಯೂ ಹೃದಯದಲ್ಲಿಯೂ ಕೂಡಿಕೊಂಡು ಬೇರೆ ಹಾನಿ ಮಾಡುತ್ತದೆ.

ಎಲ್ಲ ರೋಗಿಗಳಿಗೂ ಮಜ್ಜೆಯ ಕಸಿ ಬೇಕಾಗುವುದಿಲ್ಲ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚಿನವು ಔಷಧದಿಂದಲೇ ಗುಣವಾಗುತ್ತವೆ. ಬೇಕಾದವರಿಗೆ ಮಾತ್ರ ಹಳೆಯ ಮಡಿಯನ್ನು ಬಲವಾದ ಔಷಧಗಳಿಂದ ಹಸನುಮಾಡಿ, ಆರೋಗ್ಯವಂತರ ಆಕರ ಕೋಶಗಳನ್ನು ಬಿತ್ತುತ್ತಾರೆ. ದೊಡ್ಡವರಿಗೆ ಬರುವ ಮಯಿಲೋಮ ಎಂಬ ರೋಗದಲ್ಲಿ ರೋಗಿಯ ಸ್ವಂತ ಕೋಶಗಳನ್ನೇ ಮೊದಲು ತೆಗೆದಿಟ್ಟು ಅನಂತರ ಹಿಂದಿರುಗಿಸುವ ಪದ್ಧತಿಯೂ ಉಂಟು.

ನಮ್ಮ ನೆರೆಯ ಮುಂಬಯಿಯಲ್ಲಿ

ಈ ಚಿಕಿತ್ಸೆಗೆ ದಾರಿ ತೆರೆದವರು ಅಮೆರಿಕದ ಡಾಕ್ಟರ್ ಡೊನಾಲ್ ಥಾಮಸ್. ೧೯೫೦ರ ದಶಕದಲ್ಲಿ ಆರಂಭಿಸಿ, ಅನೇಕ ಸೋಲುಗಳ ನಂತರ ಗೆದ್ದು, ೧೯೯೦ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಭಾರತದಲ್ಲಿ ಮೊದಲ ಕಸಿ ನಡೆದುದು ೧೯೮೩ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ರಕ್ತದ ಕ್ಯಾನ್ಸರಾಗಿದ್ದ ಒಬ್ಬ ಚಿಕ್ಕ ಹುಡುಗಿಗೆ ಅವಳ ಒಡಹುಟ್ಟಿದ ಸೋದರನೇ ಮಜ್ಜೆ ಕೊಟ್ಟನು. ಅದನ್ನು ನಡೆಸಿದ ಡಾಕ್ಟರ್ ಸುರೇಶ ಅಡ್ವಾನಿಯವರು ಬಾಲ್ಯದಲ್ಲಿ ಪೋಲಿಯೋ ತಗುಲಿ ಗಾಲಿಕುರ್ಚಿಯಲ್ಲಿ ಓಡಾಡುವವರು. ೧೯೮೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಈ ಕೆಲಸ ಆರಂಭವಾಯಿತು. ಈಗ ಬೆಂಗಳೂರಿನಲ್ಲಿಯೂ ನಮ್ಮ ಪುಣೆಯ ದೀನಾನಾಥ ಮಂಗೇಶಕರ, ಸಹ್ಯಾದ್ರಿ ಮೊದಲಾದ ದವಾಖಾನೆಗಳಲ್ಲಿಯೂ ನಡೆಯುತ್ತಿದೆ. ಟಾಟಾ ಸಂಸ್ಥೆಯ ಕಸಿ ವಿಭಾಗ ಈಗ ಖಾರ್ಘರದಲ್ಲಿದೆ; ಪುಣೆಯಿಂದ ಹೋಗುವವರಿಗೆ ಮುಂಬಯಿಗಿಂತ ಮೊದಲೇ ಸಿಗುತ್ತದೆ.

ಯಾರು ಕೊಡಬಹುದು?

ಇಲ್ಲಿ ನೋಡುವುದು ರಕ್ತದ ಗುಂಪನ್ನಲ್ಲ. ಗುಂಪು ಬೇರೆಯಿದ್ದರೂ ಕಸಿ ಮಾಡಬಹುದು. ಹೊಂದಬೇಕಾದುದು ಎಚ್.ಎಲ್.ಎ. ಎಂಬ ಗುರುತು. ಇದು ಪ್ರತಿಯೊಬ್ಬರಿಗೂ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆ. ಆದ್ದರಿಂದ ಒಬ್ಬ ಒಡಹುಟ್ಟಿದವನ ಗುರುತು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅಣ್ಣತಮ್ಮ ಅಕ್ಕತಂಗಿಯರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆನ್ನುವುದು ಇದರಿಂದಲೇ. ಮದುವೆಯಾಗಿ ಹೋದ ಅಕ್ಕನನ್ನು ಬಿಡಬಾರದು. ಯಾರದೂ ಹೊಂದದಿದ್ದರೆ ಅರ್ಧ ಹೊಂದುವ ತಂದೆ, ತಾಯಿ ಅಥವಾ ಮಕ್ಕಳಿಂದಲೂ ಈಗ ಕಸಿ ಮಾಡುತ್ತಾರೆ. ಹೊರಗಿನ ದಾನಿಗಳ ಹೆಸರು ಬರೆದುಕೊಳ್ಳುವ ಸಂಸ್ಥೆಗಳೂ ಇವೆ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿ.ಕೆ.ಎಂ.ಎಸ್. ಫೌಂಡೇಶನ್ ಅಂಥವು. ಕೆನ್ನೆಯ ಒಳಬದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಅವರಿಗೆ ಸಾಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಸಿಯಾಗಬಹುದಾದ ರೋಗಿಗೆ ಮನೆಯವರೇ ರಕ್ತ ಕೊಡಲು ಮುಂದಾಗಬಾರದು. ಹಾಗೆ ಕೊಟ್ಟರೆ ರೋಗಿಯ ದೇಹ ಅವರ ಕೋಶಗಳ ವಿರುದ್ಧ ಮೊದಲೇ ಸಿಡಿದೇಳುವ ಸಂಭವವುಂಟು. ರಕ್ತವನ್ನು ಹೊರಗಿನವರು ಕೊಡಲಿ, ಮಜ್ಜೆಯನ್ನು ಮನೆಯವರು ಕೊಡಲಿ.

ದಾನಿಗೆ ಆಗುವುದೇನು?

ಕೋಶಗಳನ್ನು ತೆಗೆಯುವ ರೀತಿ ಎರಡು. ಒಂದರಲ್ಲಿ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು ಆಕರ ಕೋಶಗಳು ರಕ್ತಕ್ಕೆ ಇಳಿದುಬರುವಂತೆ ಮಾಡುತ್ತಾರೆ. ಆಮೇಲೆ ಕೈಯ ರಕ್ತನಾಳದಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶಗಳನ್ನಷ್ಟೇ ಉಳಿಸಿ, ಮಿಕ್ಕಿದ್ದು ಹಿಂದಿರುಗುತ್ತದೆ. ಕೆಲವು ಗಂಟೆಗಳ ಕೆಲಸ. ಆ ದಿನಗಳಲ್ಲಿ ಮೈಕೈ ನೋವು ಇರಬಹುದು. ಇನ್ನೊಂದರಲ್ಲಿ ಅರಿವಳಿಕೆ ಕೊಟ್ಟು ಸೊಂಟದ ಹಿಂಬದಿಯ ಮೂಳೆಯಿಂದ ಸೂಜಿಯ ಮೂಲಕ ಮಜ್ಜೆ ತೆಗೆಯುತ್ತಾರೆ. ಬೆನ್ನುಹುರಿಯನ್ನು ಮುಟ್ಟುವುದೇ ಇಲ್ಲ. ಕೆಲವು ದಿನ ಆ ಭಾಗ ನೋಯುತ್ತದೆ. ಕೊಟ್ಟ ಮಜ್ಜೆ ಕೆಲವು ವಾರಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಅರಿವಳಿಕೆಗೆ ಇರುವ ಸಣ್ಣ ಅಪಾಯ ಇಲ್ಲಿಯೂ ಇದೆ. ಅದಕ್ಕಾಗಿಯೇ ಮೊದಲು ದಾನಿಯ ಆರೋಗ್ಯವನ್ನು ಪರೀಕ್ಷಿಸುತ್ತಾರೆ. ಆದರೆ ಕೈಕಾಲು ಬೀಳುವುದಿಲ್ಲ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ, ಕೆಲಸಕ್ಕೆ ಹಿಂದಿರುಗುವುದಕ್ಕೂ ಅಡ್ಡಿಯಿಲ್ಲ.

ಕಸಿಯ ನಂತರದ ಆರೈಕೆ

ರೋಗಿಗೆ ಇದು ಕೊಯ್ಯುವ ಶಸ್ತ್ರಚಿಕಿತ್ಸೆಯಲ್ಲ. ಕೋಶಗಳನ್ನು ರಕ್ತದ ಚೀಲದಂತೆಯೇ ನರದ ಮೂಲಕ ಹನಿಸುತ್ತಾರೆ. ಅವು ತಾವಾಗಿಯೇ ಮೂಳೆಯ ಒಳಗಿನ ಮನೆ ಹುಡುಕಿಕೊಳ್ಳುತ್ತವೆ. ಹೊಸ ಪೈರು ಚಿಗುರಲು ಎರಡರಿಂದ ನಾಲ್ಕು ವಾರ ಬೇಕು. ಕಷ್ಟದ ಕಾಲ ಇದೇ. ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲದ್ದರಿಂದ ಶುದ್ಧಗಾಳಿಯ ಪ್ರತ್ಯೇಕ ಕೋಣೆಯಲ್ಲಿರಬೇಕು. ಪ್ಲೇಟ್‌ಲೆಟ್ ಬಾರಿಬಾರಿಗೂ ಬೇಕಾಗುತ್ತದೆ. ಅದನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕಾಲ ಕೂಡಿಡಲಾಗುವುದಿಲ್ಲವಾದ್ದರಿಂದ ಹೊಸ ಹೊಸ ದಾನಿಗಳು ಬೇಕು. ಪರ ಊರಿನಿಂದ ಬಂದ ಕುಟುಂಬಕ್ಕೆ ಇಂಥ ದಾನಿಗಳನ್ನು ಎಲ್ಲಿಂದ ಹುಡುಕುವುದು? ಈ ಕೆಲಸವನ್ನು ನಮ್ಮಂಥ ಸಂಘದ ಗೆಳೆಯರು ಸುಲಭವಾಗಿ ಮಾಡಬಹುದು.

ಹೊಸ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಬಗೆದು ಪೀಡಿಸುವುದೂ ಉಂಟು. ಅದಕ್ಕಾಗಿ ಮೊದಲ ೧೦೦ ದಿನ ದವಾಖಾನೆಯ ಸಮೀಪದಲ್ಲಿಯೇ ಇರಬೇಕು. ಕುದಿಸಿದ ನೀರು, ಬಿಸಿ ಊಟ, ಮತ್ತೆ ಮತ್ತೆ ಕೈ ತೊಳೆಯುವುದು, ಹೊತ್ತಿಗೆ ಸರಿಯಾಗಿ ಔಷಧ: ಅರ್ಧ ಚಿಕಿತ್ಸೆ ಮನೆಯವರ ಕೈಯಲ್ಲಿಯೇ ಇದೆ. ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಕೂಡಲೆ ಹೋಗಬೇಕು. ಬಾಲ್ಯದ ಲಸಿಕೆಗಳನ್ನೂ ಮುಂದೆ ಹೊಸದಾಗಿ ಹಾಕಿಸಬೇಕಾಗುತ್ತದೆ.

ಹಣದ ಮಾತು

ಖರ್ಚು ಹಲವು ಲಕ್ಷಗಳದು. ಸಂಬಳದವನ ಎದೆ ಝಲ್ಲೆನ್ನುವುದು ಸಹಜ. ಆದರೆ ಕೇಳದೆ ಕೈಚೆಲ್ಲಬಾರದು. ಮಹಾರಾಷ್ಟ್ರದ ಧರ್ಮಾದಾಯ ದವಾಖಾನೆಗಳು ನೂರಕ್ಕೆ ಹತ್ತು ಹಾಸಿಗೆಗಳನ್ನು ತೀರ ಬಡವರಿಗೆ ಉಚಿತವಾಗಿ, ಇನ್ನು ಹತ್ತನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕೆಂಬ ಯೋಜನೆ ಉಚ್ಚ ನ್ಯಾಯಾಲಯದ ಆದೇಶದಿಂದ ೨೦೦೬ರಲ್ಲಿ ಜಾರಿಗೆ ಬಂದಿದೆ. ತಹಶೀಲ್ದಾರರ ಆದಾಯದ ದಾಖಲೆ, ರೇಶನ್ ಕಾರ್ಡು ಸಿದ್ಧವಿರಲಿ. ೨೦೧೭ರಲ್ಲಿ ಆರಂಭವಾದ ಕೋಲ್ ಇಂಡಿಯಾದ ಥಲಸ್ಸೀಮಿಯ ಬಾಲ ಸೇವಾ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಕಸಿಗಾಗಿ ೧೦ ಲಕ್ಷ ರೂಪಾಯಿಯವರೆಗೆ ನೆರವು ದೊರೆಯುತ್ತದೆ. ಇ.ಎಸ್.ಐ. ಇದ್ದವರು ಅಲ್ಲಿಯೂ ವಿಚಾರಿಸಬೇಕು. ದಾರಿ ತಿಳಿಸಲು ದೊಡ್ಡ ದವಾಖಾನೆಗಳಲ್ಲಿ ಸಮಾಜಸೇವಾ ವಿಭಾಗವಿರುತ್ತದೆ. ಮರಾಠಿ ಬಾರದಿದ್ದರೆ ಬಲ್ಲ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿರಿ.

ಮಜ್ಜೆಯ ಕಸಿ ಪವಾಡವಲ್ಲ. ಕೆಲವೊಮ್ಮೆ ಸೋಲುತ್ತದೆ, ರೋಗ ಮರುಕಳಿಸುವುದೂ ಉಂಟು. ಆದರೆ ದೇಹ ಕುಗ್ಗುವ ಮೊದಲೇ ಹೋದಷ್ಟೂ ಗೆಲುವು ಹೆಚ್ಚು. ಮಗುವಿನ ಮುಖ ಬಿಳಿಚಿಕೊಂಡರೆ, ಬಿಡದ ಜ್ವರವಿದ್ದರೆ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಮೂಡಿದರೆ, ವಸಡಿನಿಂದ ರಕ್ತ ಬಂದರೆ ರಕ್ತ ಪರೀಕ್ಷೆ ಮಾಡಿಸಿರಿ. ಸಂಬಂಧದಲ್ಲಿಯೇ ಮದುವೆ ಮಾಡುವ ನಮ್ಮವರು ಥಲಸ್ಸೀಮಿಯದ ಪರೀಕ್ಷೆಯನ್ನು ಮದುವೆಗೆ ಮೊದಲೇ ಮಾಡಿಸುವುದು ಒಳ್ಳೆಯದು. ಮತ್ತು ಎಂದಾದರೂ ನಿಮ್ಮ ಮಜ್ಜೆ ಹೊಂದುತ್ತದೆಂಬ ಸುದ್ದಿ ಬಂದರೆ, ಊರಿನವರ ‘ಅಂತೆ’ಗಳನ್ನು ಕೇಳುವ ಮೊದಲು ವೈದ್ಯರನ್ನು ಕೇಳಿರಿ; ರಜೆಯ ಅರ್ಜಿ ಬರೆದಿಟ್ಟು ಹೊರಡಿರಿ. ನೀವು ಕೊಟ್ಟದ್ದು ಕೆಲವೇ ವಾರಗಳಲ್ಲಿ ನಿಮಗೆ ಮರಳಿ ತುಂಬಿಕೊಳ್ಳುತ್ತದೆ.